ಪಟ್ಟಿಯಲ್ಲಿಲ್ಲದ ಐದನೆಯ ಪರ್ಕ್: ‘ಡೆಡ್ ಬೈ ಡೇಲೈಟ್’ ಆಡಿದ ಮೇಲೆ

ಮಾಂಟ್ರಿಯಲ್‌ನ ಬಿಹೇವಿಯರ್ ಇಂಟರ್‌ಆ್ಯಕ್ಟಿವ್ ಸಂಸ್ಥೆ ರೂಪಿಸಿದ, 2016ರಲ್ಲಿ ಬಿಡುಗಡೆಯಾದ ‘ಡೆಡ್ ಬೈ ಡೇಲೈಟ್’ ಎಂಬ ವಿಡಿಯೊ ಆಟವನ್ನು ನಾವು ಐವರು ಗೆಳೆಯರು ಶಿವಮೊಗ್ಗದ ವಿನೋಬನಗರದ ಮನೆಯೊಂದರಲ್ಲಿ ಈ ಮಳೆಗಾಲವಿಡೀ ಆಡಿದ್ದೇವೆ. ಒಬ್ಬ ಕಿಲ್ಲರ್, ನಾಲ್ವರು ಸರ್ವೈವರ್‌ಗಳು. ಐದು ಜನರೇಟರ್‌ಗಳನ್ನು ರಿಪೇರಿ ಮಾಡಿ ಗೇಟು ತೆರೆದು ನಾಲ್ವರು ಪಾರಾಗಬೇಕು, ಅಷ್ಟರೊಳಗೆ ಕಿಲ್ಲರ್ ಅವರನ್ನು ಹಿಡಿದು ಕೊಕ್ಕೆಗೆ ಹಾಕಬೇಕು.

ಸರ್ವೈವರ್ ಸೆಕೆಂಡಿಗೆ 4 ಮೀಟರ್ ಓಡುತ್ತಾನೆ, ಹೆಚ್ಚಿನ ಕಿಲ್ಲರ್‌ಗಳು 4.6 ಮೀಟರ್, ಅಂದರೆ ಬಯಲಿನಲ್ಲಿ 12 ಮೀಟರ್ ಮುಂದಿದ್ದವನು 20 ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತಾನೆ. ಆದರೆ ಕಿಟಕಿ ಹಾರಿ, ಹಲಗೆ ಕೆಡವಿ ಅವನು ಆ ಓಟವನ್ನು 90 ಸೆಕೆಂಡಿನವರೆಗೆ ಎಳೆದನೆಂದರೆ, ಒಬ್ಬರೇ ಕೂತು ಒಂದು ಜನರೇಟರ್ ಮುಗಿಸಲು ಬೇಕಾಗುವುದೂ ಅಷ್ಟೇ ಸಮಯವಾದ್ದರಿಂದ, ಉಳಿದ ಮೂವರು ಮೂರನ್ನು ಮುಗಿಸಿಬಿಟ್ಟಿರುತ್ತಾರೆ. 2022ರವರೆಗೆ ಈ ಅವಧಿ 80 ಸೆಕೆಂಡ್ ಇತ್ತು. ಅದನ್ನು ಹತ್ತು ಸೆಕೆಂಡ್ ಹೆಚ್ಚಿಸಿದ್ದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಅಂಕಿಗಳನ್ನು ಹೀಗೆ ತಿದ್ದಬಹುದು, ಆಡುವ ಕೈಯನ್ನು ತಿದ್ದಲಾಗದು. ನರ್ಸ್ ಎಂಬ ಕಿಲ್ಲರ್ ಸೆಕೆಂಡಿಗೆ 3.85 ಮೀಟರ್ ಮಾತ್ರ ನಡೆಯುತ್ತಾಳೆ, ಓಡುವವರಿಗಿಂತಲೂ ನಿಧಾನ. ಆದರೆ ಗೋಡೆಗಳ ಮೂಲಕವೇ ಜಿಗಿದು ಬರಬಲ್ಲಳು. ಹೊಸಬರ ಕೈಯಲ್ಲಿ ಅವಳಷ್ಟು ದುರ್ಬಲರು ಬೇರಿಲ್ಲ, ಪಳಗಿದವರ ಕೈಯಲ್ಲಿ ಕಿಟಕಿಗೂ ಹಲಗೆಗೂ ಅರ್ಥವೇ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ನಮಗೆ ಕಂಡದ್ದು ಮಾತಿನಲ್ಲಿ. ಮೊದಲ ದಿನ ನಾಲ್ವರೂ ಹಜಾರದಲ್ಲಿ ಒಟ್ಟಿಗೆ ಕೂತು, ಕಿಲ್ಲರ್ ಆಗಿದ್ದ ಗೆಳೆಯನನ್ನು ಒಳಕೋಣೆಗೆ ಕಳಿಸಿದ್ದೆವು. ‘ನನ್ನ ಬೆನ್ನು ಹತ್ತಿದ್ದಾನೆ, ನೀವು ಜನರೇಟರ್ ಬಿಡಬೇಡಿ’ ಎಂಬ ಒಂದೇ ಕೂಗಿಗೆ ಮೂವರ ಅಂಜಿಕೆ ಇಳಿದುಹೋಗುತ್ತಿತ್ತು. ಆ ಗೆಳೆಯ ಪಂದ್ಯದಿಂದ ಪಂದ್ಯಕ್ಕೆ ಸೋತ. ಮರುದಿನ ಬೇರೆಬೇರೆ ಕೋಣೆಗಳಲ್ಲಿ ಮೌನವಾಗಿ ಆಡಿದಾಗ, ಕೊಕ್ಕೆಯಲ್ಲಿದ್ದವನನ್ನು ಬಿಡಿಸಲು ಒಮ್ಮೆ ಮೂವರೂ ಓಡಿಬಂದರು, ಇನ್ನೊಮ್ಮೆ ಒಬ್ಬರೂ ಬರಲಿಲ್ಲ. ಆಟಗಾರರೂ ವೇಗವೂ ಪರ್ಕ್‌ಗಳೂ (ಪಂದ್ಯಕ್ಕೆ ಮುನ್ನ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯಗಳು) ಅವೇ ಆಗಿದ್ದರೂ ಆಟ ಬೇರೆಯಾಗಿತ್ತು.

ಪ್ರತಿಯೊಬ್ಬರೂ ನಾಲ್ಕು ಪರ್ಕ್‌ಗಳನ್ನು ಆರಿಸಿಕೊಳ್ಳಬಹುದು. ಅವುಗಳಲ್ಲಿ ಕಿಂಡ್ರೆಡ್ ಎಂಬುದು, ಅದನ್ನು ಆರಿಸಿಕೊಂಡವರೇ ಕೊಕ್ಕೆಗೆ ಬಿದ್ದಾಗ ಸರ್ವೈವರ್‌ಗಳು ಎಲ್ಲೆಲ್ಲಿದ್ದಾರೆ ಎಂಬುದನ್ನು ಎಲ್ಲ ಸರ್ವೈವರ್‌ಗಳಿಗೂ, ಬೇರೊಬ್ಬರು ಬಿದ್ದಾಗ ಅದನ್ನು ಆರಿಸಿಕೊಂಡವರಿಗೆ ಮಾತ್ರ ತೋರಿಸುತ್ತದೆ. ಕೊಕ್ಕೆಯ ಬಳಿ ಸುಳಿಯುವ ಕಿಲ್ಲರ್‌ನನ್ನೂ ಬಯಲು ಮಾಡುತ್ತದೆ. ಮೌನವಾಗಿ ಆಡುವವರಿಗೆ ಇದು ಕಣ್ಣು ಕೊಟ್ಟಂತೆ. ಮಾತಾಡಿಕೊಂಡು ಆಡುವವರಿಗೆ ಅದೇ ತಿಳಿವು ಪುಕ್ಕಟೆಯಾಗಿ ಸಿಗುವುದರಿಂದ, ಆ ಜಾಗದಲ್ಲಿ ಮತ್ತೊಂದು ಬಲವಾದ ಪರ್ಕ್ ಇಟ್ಟುಕೊಂಡು ಅವರು ಐದು ಪರ್ಕ್‌ಗಳೊಡನೆ ಆಡಿದಂತಾಗುತ್ತದೆ. ಒಂಟಿಯಾಗಿ ಸೇರುವವರಿಗೆ ಕಿಂಡ್ರೆಡ್‌ನ ಗುಣವನ್ನು ಆಟವೇ ಒದಗಿಸಿ, ಅದಕ್ಕೆ ತಕ್ಕಂತೆ ಕಿಲ್ಲರ್‌ನ ಬಲವನ್ನು ಕೊಂಚ ಏರಿಸುವುದು ನ್ಯಾಯವೆಂದು ನಾನು ನಂಬುತ್ತೇನೆ.



ಇಷ್ಟಾದರೂ ಈ ಆಟವನ್ನು ಕೊಳ್ಳಿ ಎಂದೇ ಹೇಳುತ್ತೇನೆ, ಸಾಧ್ಯವಾದರೆ ಐವರು ಸೇರಿ ಕೊಳ್ಳಿ. ಹಜಾರದಲ್ಲಿ ಒಟ್ಟಿಗೆ ಕೂತು ಮಾತಾಡಿಕೊಂಡು ಆಡುವ ದಿನ ನರ್ಸ್ ಆಗುವ ಅವಕಾಶ ಕಿಲ್ಲರ್‌ನದು, ಕೋಣೆಗಳ ಬಾಗಿಲು ಮುಚ್ಚಿದ ದಿನ ನರ್ಸ್ ಇಲ್ಲ ಎಂಬ ನಿಯಮವನ್ನು ನಾವು ಮಾಡಿಕೊಂಡಿದ್ದೇವೆ. ಅಂದಿನಿಂದ ಒಳಕೋಣೆಗೆ ಹೋಗಲು ಯಾರೂ ಹಿಂಜರಿಯುತ್ತಿಲ್ಲ.