ಮ್ಯಾಂಕ್ಸ್ ನಾರ್ಟನ್ 500: ಉದ್ದ ಸ್ಟ್ರೋಕೋ, ಗಿಡ್ಡ ಸ್ಟ್ರೋಕೋ?

ಲಾಂಗ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ ಹೆಚ್ಚು) ಅಂದ್ರೆ ಟಾರ್ಕ್ (ತಿರುಗಿಸುವ ಬಲ), ಶಾರ್ಟ್ ಸ್ಟ್ರೋಕ್ ಅಂದ್ರೆ ಬರೀ ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಬುಲೆಟ್ ಪ್ರಿಯರ ಬಾಯಲ್ಲಿ ಸದಾ ಓಡಾಡುವ ಈ ಮಾತನ್ನು ಒರೆಗೆ ಹಚ್ಚಲು ಬ್ರಿಟನ್ನಿನ ಹಳೆಯ ಒಂಟಿ ಸಿಲಿಂಡರಿನ ರೇಸ್ ಬೈಕ್ ಮ್ಯಾಂಕ್ಸ್ ನಾರ್ಟನ್‌ಗಿಂತ ಒಳ್ಳೆಯ ಗಾಡಿ ಸಿಗದು. ಹೆಸರು ಒಂದೇ, 498 ಸಿಸಿಯೂ ಒಂದೇ, ಬೋರ್ (ಸಿಲಿಂಡರಿನ ಅಗಲ) × ಸ್ಟ್ರೋಕ್ ಅಳತೆ ಮಾತ್ರ ಬೇರೆ: 1953ರವರೆಗೆ ಮಾರಾಟವಾದದ್ದು 79.6 × 100 ಮಿ.ಮೀ., 1954ರಿಂದ 86 × 85.6.

ಗರಿಷ್ಠ ಟಾರ್ಕ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸ್ಟ್ರೋಕಿನಿಂದ ಬರುವುದಿಲ್ಲ. ಸ್ಟ್ರೋಕ್ ಹೆಚ್ಚಿದರೆ ಕ್ರ್ಯಾಂಕಿನ ಸನ್ನೆ ಉದ್ದವಾಗುತ್ತದೆ, ಸರಿ. ಆದರೆ ಬೋರ್ ಕಿರಿದಾಗಿ ಪಿಸ್ಟನ್ ಮೇಲಿನ ಬಲವೂ ಅಷ್ಟೇ ತಗ್ಗುತ್ತದೆ. ಸರಾಸರಿ ಒತ್ತಡ 12 ಬಾರ್ ಎಂದಿಟ್ಟುಕೊಂಡರೆ ಎರಡಕ್ಕೂ ಬರುವ ಲೆಕ್ಕ 47-48 ನ್ಯೂಟನ್ ಮೀಟರ್. ಹಳೆಯ ಬುಲೆಟ್ (70 × 90) ಕೆಳಗಿನಿಂದಲೇ ಜಗ್ಗುವುದು ಭಾರದ ಫ್ಲೈವೀಲ್, ಸೌಮ್ಯ ಕ್ಯಾಮ್ (ವಾಲ್ವ್ ತೆರೆಯುವ ಭಾಗ), ಸಣ್ಣ ಕಾರ್ಬ್ಯುರೇಟರುಗಳ ಪುಣ್ಯ. ಹೆಸರು ಹೊಡೆದುಕೊಂಡದ್ದು ಸ್ಟ್ರೋಕ್.

ಬದಲಾಗುವುದು ಆ ಟಾರ್ಕ್ ಸಿಗುವ ಜಾಗ. ಪಿಸ್ಟನ್ನಿನ ಸರಾಸರಿ ವೇಗಕ್ಕೆ ಸೆಕೆಂಡಿಗೆ 20 ಮೀಟರ್ ಮಿತಿ ಎಂದಿಟ್ಟುಕೊಂಡರೆ, ಅದನ್ನು ಮುಟ್ಟಲು 100 ಮಿ.ಮೀ. ಸ್ಟ್ರೋಕಿಗೆ 6000 ಆರ್‌ಪಿಎಂ ಸಾಕು, 85.6ಕ್ಕೆ 7000 ಬೇಕು. ಜೊತೆಗೆ ಬೋರ್ ಅಗಲವಾದ್ದರಿಂದ ಪಿಸ್ಟನ್ ಮುಖ ಸುಮಾರು ಶೇ. 17 ಹಿಗ್ಗಿದೆ, ದೊಡ್ಡ ವಾಲ್ವ್‌ಗೆ ಜಾಗ ಸಿಕ್ಕಿದೆ, ಮೇಲಿನ ಆರ್‌ಪಿಎಂನಲ್ಲೂ ಉಸಿರು ಕಟ್ಟುವುದಿಲ್ಲ. ಹೆಚ್ಚುಕಡಿಮೆ 4500ರಿಂದ 6000 ಲಾಂಗ್ ಸ್ಟ್ರೋಕಿನ ಸೀಮೆ, 5200ರಿಂದ 7000 ಶಾರ್ಟ್ ಸ್ಟ್ರೋಕಿನದು.

ಇನ್ನು ಗೇರುಗಳ ಲೆಕ್ಕ. ನಾಲ್ಕು ಸ್ಪೀಡಿನ ರೇಸಿಂಗ್ ಗೇರ್‌ಬಾಕ್ಸಿನ ಅನುಪಾತ ಸುಮಾರು 1.78, 1.33, 1.10, 1. ಶಾರ್ಟ್ ಸ್ಟ್ರೋಕ್ ಅನ್ನು 7000ಕ್ಕೆ ಏರಿಸಿ ಫಸ್ಟ್‌ನಿಂದ ಸೆಕೆಂಡಿಗೆ ಹಾಕಿದರೆ ಆರ್‌ಪಿಎಂ ಮುಳ್ಳು 5200ರ ಹತ್ತಿರ ಇಳಿಯುತ್ತದೆ. ಥರ್ಡಿಗೆ 5800, ಟಾಪಿಗೆ 6350. ಸೀಮೆಯೊಳಗೇ ಉಳಿಯುತ್ತದೆ, ಆದರೆ ಮೊದಲ ಬದಲಾವಣೆಯಲ್ಲಿ ಕೂದಲೆಳೆಯ ಅಂತರ. 6500ಕ್ಕೇ ಗೇರ್ ಬದಲಿಸಿದರೆ ಮುಳ್ಳು 4850ಕ್ಕೆ ಬಿದ್ದು ಮೆಗಾಫೋನಿನ (ತುದಿಯತ್ತ ಅಗಲವಾಗುವ ಎಕ್ಸಾಸ್ಟ್ ಕೊಳವೆ) ಗುಂಡಿಗೆ ಸಿಕ್ಕುತ್ತದೆ: ಎಕ್ಸಾಸ್ಟ್ ಅಲೆ ಹೊತ್ತು ತಪ್ಪಿ ವಾಪಸ್ ಬರುತ್ತದೆ, ಎಂಜಿನ್ ಮುಕ್ಕರಿಸುತ್ತದೆ, ಆಮೇಲೆ ಒಮ್ಮೆಲೇ ಒದೆಯುತ್ತದೆ. ಇದಕ್ಕೆ ಕಾರ್ಬ್ಯುರೇಟರಿನ ಜೆಟ್ ಬದಲಿಸುತ್ತ ಕೂರುವುದು ವ್ಯರ್ಥ. ರಿವರ್ಸ್ ಕೋನ್ (ಕೊನೆಯಲ್ಲಿ ಮತ್ತೆ ಕಿರಿದಾಗುವ) ಮೆಗಾಫೋನ್ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಒಂದಿಷ್ಟು ಹೋದರೂ ಗುಂಡಿ ತುಂಬುತ್ತದೆ. ಬಿಗಿ ತಿರುವುಗಳ ಟ್ರ್ಯಾಕಾದರೆ ಹಿಂದಿನ ಸ್ಪ್ರಾಕೆಟ್ಟಿಗೆ ಒಂದೆರಡು ಹಲ್ಲು ಹೆಚ್ಚಿಸಿ. ಲಾಂಗ್ ಸ್ಟ್ರೋಕಿಗೂ ಮೆಗಾಫೋನಿನ ಗುಂಡಿ ಇದ್ದೇ ಇದೆ, ಸ್ವಲ್ಪ ಕೆಳಗೆ.

ಶಾರ್ಟ್ ಸ್ಟ್ರೋಕಿಗೂ ಅದರದೇ ಕಾಟಗಳಿವೆ. ಬೋರ್ ಹಿಗ್ಗಿದಷ್ಟೂ ಪಿಸ್ಟನ್ ತೂಕ ಏರುತ್ತದೆ. ಕಂಪ್ರೆಷನ್‌ಗಾಗಿ ಪಿಸ್ಟನ್ ತಲೆ ಉಬ್ಬಿಸಿದರೆ ಉರಿಯುವ ಜಾಗ ಕಿತ್ತಳೆ ಸಿಪ್ಪೆಯಂತೆ ತೆಳ್ಳಗಾಗಿ, ಉರಿ ಆ ಕೊನೆ ಮುಟ್ಟಲು ತಡ. ಅದಕ್ಕೆಂದು ಇಗ್ನಿಷನ್ ಮುಂದಕ್ಕೆ ತಳ್ಳಿದರೆ (ಕಿಡಿ ಬೇಗ ಕೊಟ್ಟರೆ) ನಾಕಿಂಗ್, ಅಂದರೆ ಇಂಧನ ತಾನಾಗಿ ಸಿಡಿಯುವುದು. ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದದ್ದು ಇನ್ನೊಂದು ಬ್ರಿಟಿಷ್ ರೇಸ್ ಬೈಕ್ ಮ್ಯಾಚ್‌ಲೆಸ್ ಜಿ50: 90 × 78, ಒಂದೇ ಓವರ್‌ಹೆಡ್ ಕ್ಯಾಮ್, ಅದೂ ಚೈನಿನಿಂದ ತಿರುಗುವಂಥದ್ದು.

ರೇಸಿಗೆಂದರೆ ಶಾರ್ಟ್ ಸ್ಟ್ರೋಕೇ ಸರಿ. ಐಲ್ ಆಫ್ ಮ್ಯಾನ್ ದ್ವೀಪದ 1961ರ ಸೀನಿಯರ್ ಟಿಟಿ ರೇಸನ್ನು ಬ್ರಿಟಿಷ್ ರೇಸರ್ ಮೈಕ್ ಹೇಲ್‌ವುಡ್ ಗೆದ್ದದ್ದೂ ಮ್ಯಾಂಕ್ಸ್‌ನಲ್ಲೇ, ಗಂಟೆಗೆ 100 ಮೈಲಿ ಮೀರಿದ ಸರಾಸರಿಯಲ್ಲಿ. ಪರೇಡು, ಪ್ರದರ್ಶನದ ಓಟಕ್ಕೆ ಲಾಂಗ್ ಸ್ಟ್ರೋಕ್ ಸಾಕು, ಆದರೆ 6000 ದಾಟಿಸಬೇಡಿ.

ಕೊಳ್ಳುವಾಗ ಎಂಜಿನ್ ನಂಬರನ್ನಷ್ಟೇ ನಂಬಬೇಡಿ. ಪ್ಲಗ್ ಓರೆಯಾಗಿ ಕೂತಿರುವುದರಿಂದ ಅದರ ತೂತಿನಲ್ಲಿ ಕಡ್ಡಿ ಇಳಿಸಿದರೆ ಅಳತೆ ತಪ್ಪುತ್ತದೆ. ಹೆಡ್ ಬಿಚ್ಚಿಸಿ ಸ್ಟ್ರೋಕ್ ಅಳೆಯಿರಿ. ಸಿಲಿಂಡರನ್ನೂ ಎತ್ತಿಸಿ, ಕನೆಕ್ಟಿಂಗ್ ರಾಡ್ ಹಿಡಿದು ನೋಡಿ. ಪಕ್ಕಕ್ಕೆ ಚೂರು ಆಡಿದರೆ ಪರವಾಗಿಲ್ಲ. ಮೇಲೆ ಕೆಳಗೆ ಆಡಿದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ, ಅದರ ಖರ್ಚು ಬೆಲೆಯಲ್ಲಿ ಕಳೆಯಿರಿ.