ಇಲಿಯ ಶಕ್ತಿ ಖರ್ಚು: ಪೆಟ್ಟಿಗೆಯೋ, ಗುರುತಿನ ನೀರೋ, ತಕ್ಕಡಿಯೋ?

ತುಮಕೂರಿನಲ್ಲಿ ಇಲಿಯ ಮೈ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಅಳೆಯುವ ಪ್ರಾಜೆಕ್ಟ್ ಶುರು ಮಾಡ್ತಿದ್ದೀರಾ? ನನ್ನ ಓಟು ಕ್ಯಾಲೊರಿಮೀಟರ್ ಪೆಟ್ಟಿಗೆಗೆ. ಇಲಿ ಎಷ್ಟು ಆಕ್ಸಿಜನ್ ಎಳೆಯಿತು, ಎಷ್ಟು ಕಾರ್ಬನ್ ಡೈಆಕ್ಸೈಡ್ ಬಿಟ್ಟಿತು ಎಂದು ಹಗಲೂ ರಾತ್ರಿ ಅಳೆಯುತ್ತದೆ. ಬಿಟ್ಟದ್ದನ್ನು ಎಳೆದದ್ದರಿಂದ ಭಾಗಿಸಿ: 0.7ರ ಹತ್ತಿರವಿದ್ದರೆ ಕೊಬ್ಬು ಉರಿಯುತ್ತಿದೆ, 1.0 ಆದರೆ ಸಕ್ಕರೆ, ಪಿಷ್ಟ. ಕತ್ತಲಾಗಿ ಇಲಿ ಎದ್ದು ಓಡಾಡಿದ ತಕ್ಷಣ ಶಕ್ತಿ ಖರ್ಚಿನ ಗ್ರಾಫ್ ಮೇಲೇರುವುದು ಕಾಣುತ್ತದೆ. ಆದರೆ ಹೊಸ ಪೆಟ್ಟಿಗೆಗೆ ಒಗ್ಗದ ಇಲಿ ಸರಿಯಾಗಿ ತಿನ್ನಲ್ಲ, ಮೊದಲ ದಿನದ ಅಂಕಿ ನಂಬಬೇಡಿ. ಯುಪಿಎಸ್ ಇಲ್ಲದೆ ಕೈ ಹಾಕಲೇಬೇಡಿ, ನಮ್ಮ ಕರೆಂಟ್ ಗೊತ್ತಲ್ವಾ!

ಗುರುತಿನ ನೀರಿನ ವಿಧಾನ 1955ರದು. ಡ್ಯುಟೀರಿಯಂ (ಭಾರದ ಹೈಡ್ರೋಜನ್), ಆಕ್ಸಿಜನ್-18 (ಭಾರದ ಆಕ್ಸಿಜನ್) ಇರುವ ನೀರು ಚುಚ್ಚಿ, ಕೆಲವು ದಿನದ ಮೇಲೆ ರಕ್ತದಲ್ಲಿ ಅವೆರಡೂ ಎಷ್ಟು ಉಳಿದಿವೆ ಎಂದು ನೋಡುವುದು. ಇಲಿ ತನ್ನ ಗೂಡಲ್ಲೇ ಇರುತ್ತದೆ, ಅದೇ ದೊಡ್ಡ ಲಾಭ. ಸಿಗುವುದು ಮಾತ್ರ ಒಟ್ಟು ಸರಾಸರಿ, ಖರ್ಚೂ ಜಾಸ್ತಿ.

ತಿಂದದ್ದನ್ನು ತೂಗಿ, ಮೈಯಲ್ಲಿ ಸೇರಿದ್ದನ್ನು ಕಳೆಯುವುದು ಅಗ್ಗದ ದಾರಿ. ಹಾಸಿಗೆ ಹೊಟ್ಟಿನಲ್ಲಿ ಬಿದ್ದ ಪುಡಿಯನ್ನೂ ಆರಿಸಿ ತೂಗಬೇಕು, ತಾಳ್ಮೆ ಇದ್ದರೆ ಸರಿ.

ಯಾವುದೇ ಆಗಲಿ, ಕೋಣೆಯ ಉಷ್ಣಾಂಶ ಬರೆದಿಡಿ. ನಮಗೆ ಹಿತವಾದ 22 ಡಿಗ್ರಿ ಇಲಿಗೆ ಚಳಿ. ಮೈ ಬಿಸಿ ಇಟ್ಟುಕೊಳ್ಳಲೇ ಶಕ್ತಿ ಸುಡುತ್ತದೆ. 30ರ ಸುಮಾರಿಗೆ ಖರ್ಚು ಎಷ್ಟೋ ಇಳಿಯುತ್ತದೆ.