ಆರು ಕಾಲಿನ ವಾಲ್ಯೂಮ್ ಕಂಟ್ರೋಲ್: ಒಂದು ಮಳೆಗಾಲ ದಾಟಿದ ಮೇಲೆ

ನಮ್ಮ ಮನೆ ಮಲ್ಪೆಯಲ್ಲಿ. ಇಲ್ಲಿನ ಉಪ್ಪುಗಾಳಿಗೆ ಕಿಟಕಿಯ ಸರಳೇ ತಡೆಯುವುದಿಲ್ಲ, ಇನ್ನು ಅಪ್ಪ ದುಬೈಯಿಂದ ತಂದ ಸ್ಟೀರಿಯೊದ ವಾಲ್ಯೂಮ್ ಎಲ್ಲಿ ತಡೆದೀತು? ತಿರುಗಿಸಿದರೆ ಕರಕರ, ಬಿಟ್ಟರೆ ಎಡಗಡೆಯ ಸ್ಪೀಕರ್ ಮಾಯ, ತಲೆಗೊಂದು ತಟ್ಟಿದರೆ ಮತ್ತೆ ಹಾಜರ್.

ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. (ಬಾಗಿಲಿನ ತುಕ್ಕಿಗೆ ಹಾಕುವ ಎಣ್ಣೆ ಬೇಡ, ಅದರ ಜಿಡ್ಡಿಗೆ ಧೂಳು ಹಿಡಿಯುತ್ತದೆ.) ಬೇಸಿಗೆಯೆಲ್ಲ ಚೆನ್ನಾಗಿತ್ತು. ಆಟಿ ತಿಂಗಳ ಮಳೆ ಹಿಡಿದದ್ದೇ ತಡ, ಪುನಃ ಕರಕರ. ಬಿಚ್ಚಿ ನೋಡಿದರೆ ಕಪ್ಪು ಕಾರ್ಬನ್ ಪಟ್ಟಿಯಲ್ಲಿ ದಿನಾ ನಾಬ್ ನಿಲ್ಲುವ ಜಾಗ ಮಾತ್ರ ಸವೆದು, ಅಡಿಯ ಕಂದು ಹಾಳೆ ಕಾಣುತ್ತಿದೆ. ಸ್ಪ್ರೇ ಕೊಳೆ ತೆಗೆದೀತು, ಹೋದ ಕಾರ್ಬನ್ ತಂದೀತೇ?

ಮಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಹೊಸದು ಕೇಳಿದೆ. "50ಕೆ, ಆರು ಕಾಲಿನದ್ದು" ಎಂದೆ, ಕೊಟ್ಟರು, 60 ರೂಪಾಯಿ. (50ಕೆ ಅಂದರೆ 50 ಕಿಲೋ ಓಮ್ ತಡೆ; ಆರು ಕಾಲು ಅಂದರೆ ಎಡ, ಬಲ ಸ್ಪೀಕರಿಗೆ ಮೂರು ಮೂರು.) ಬೆಸುಗೆ ಬಿಡಿಸಿ ಕೂರಿಸಲು ಒಂದು ಭಾನುವಾರ ಹೋಯಿತು.

ಬೆಳಿಗ್ಗೆ ಐದೂವರೆಗೆ ಚಾ ಲೋಟ ಹಿಡಿದು ಯಕ್ಷಗಾನದ ಹಳೆ ಕ್ಯಾಸೆಟ್ ಹಾಕಿ, ಪಕ್ಕದ ಕೋಣೆಗೆ ಕೇಳದಷ್ಟು ಸಣ್ಣಕ್ಕೆ ಇಡುವುದು ನನ್ನ ಚಟ. ಅಂದು ನಾಬನ್ನು ಕೂದಲೆಳೆಯಷ್ಟು ತಿರುಗಿಸಿದೆನೋ ಇಲ್ಲವೋ, ಚೆಂಡೆ ಒಮ್ಮೆಲೇ ಅಬ್ಬರಿಸಿತು. ಅಮ್ಮ ಎದ್ದು ಬಂದರು: "ಎಂತದು ಮಾರಾಯ, ಊರಿಗೆಲ್ಲ ಆಟ ತೋರಿಸ್ಲಿಕ್ಕುಂಟಾ?"

ಅವತ್ತೇ ವಿಮರ್ಶೆ ಬರೆದಿದ್ದರೆ ಒಂದೇ ನಕ್ಷತ್ರ. ಆದರೆ ಮಾಲಿನ ತಪ್ಪಲ್ಲ. ಹಳೆಯದರ ಬೆನ್ನಿನ ಮೇಲೆ "ಎ50ಕೆ" ಎಂದಿತ್ತು, ಹೊಸದರಲ್ಲಿ "ಬಿ50ಕೆ". ಎ ಅಂದರೆ ಲಾಗ್, ಬಿ ಅಂದರೆ ಲೀನಿಯರ್. ನಡುವಿಗೆ ತಿರುಗಿಸಿದಾಗ ಲೀನಿಯರ್ ಅರ್ಧ ಸಿಗ್ನಲ್ ಬಿಡುತ್ತದೆ, ಲಾಗ್ ನೂರಕ್ಕೆ ಹತ್ತು ಹದಿನೈದು ಮಾತ್ರ. ಕಿವಿಗೆ ಏರಿಕೆ ಹದವಾಗಿ ಕೇಳುವುದು ಲಾಗ್‌ನಲ್ಲೇ. ಅಂಗಡಿಗೆ ಹೋಗಿ ಹೇಳಿದರೆ, "ಎ, ಬಿ ಎಲ್ಲ ಯಾರು ನೋಡ್ತಾರೆ ಮಾರಾಯ್ರೆ, 50ಕೆ ಅಲ್ವಾ?"

ಕೊನೆಗೆ ಎರಡು ಲಾಗ್ ಇರುವ ಪ್ಯಾಕೆಟ್ ಆನ್‌ಲೈನಲ್ಲಿ ತರಿಸಿದೆ, 220 ರೂಪಾಯಿ. ಹಳೆಯ ಯುರೋಪಿನ ಸೆಟ್‌ಗಳಲ್ಲಿ ಈ ಅಕ್ಷರಗಳು ಅದಲುಬದಲು ಇರುವುದುಂಟು, ಆದ್ದರಿಂದ ಓಮ್ ಅಳೆಯುವ ಮೀಟರನ್ನೇ ನಂಬಿ. ನಾಬ್ ಪೂರ್ತಿ ಇಳಿಸಿದಾಗ ಮಧ್ಯದ ಕಾಲು ಯಾವ ತುದಿಯ ಕಾಲಿನೊಂದಿಗೆ ಸೊನ್ನೆ ತೋರಿಸುತ್ತದೋ, ಅವೆರಡಕ್ಕೇ ಮೀಟರಿನ ಕಡ್ಡಿ ಇಟ್ಟು ನಡುವಿಗೆ ತಿರುಗಿಸಿ. 25ಕೆ ಬಂದರೆ ಲೀನಿಯರ್. ನನ್ನದು 6ಕೆ ಹತ್ತಿರ ನಿಂತಿತು.

ಅದನ್ನು ಕೂರಿಸಿ ಹದಿನಾಲ್ಕು ತಿಂಗಳಾಯಿತು, ನಡುವೆ ಒಂದು ಇಡೀ ಮಳೆಗಾಲ. ಕರಕರ ಇಲ್ಲ. ನಾಬ್ ಬೆಣ್ಣೆಯಲ್ಲಿ ತಿರುಗಿದ ಹಾಗೆ, ತುಸು ಬಿಗಿಯಾಗಿ. ಮೊದಲು ಜಾಗಟೆ, ಅದರ ಹಿಂದೆ ಮದ್ದಳೆ, ಆಮೇಲೆ ಭಾಗವತರು, ಒಬ್ಬೊಬ್ಬರಾಗಿ ಚೌಕಿಯಿಂದ ಹೊರಗೆ ಬಂದಂತೆ. ಅಮ್ಮನಿಗೆ ನಿದ್ದೆ.

ಕೊರತೆ ಇಲ್ಲವೆಂದಲ್ಲ. ತೀರಾ ಸಣ್ಣಕ್ಕೆ ಇಟ್ಟಾಗ ಎಡಗಡೆಯದು ಮೊದಲು ಬರುತ್ತದೆ, ಬಲದ್ದು ಒಂದು ಕೂದಲೆಳೆ ಹಿಂದೆ. ಅಗ್ಗದ ಜೋಡಿ ಕಂಟ್ರೋಲ್‌ಗಳಲ್ಲಿ ಎರಡು ಪಟ್ಟಿ ಪೂರ್ತಿ ಸಮ ಇರುವುದು ಕಡಿಮೆ. ದಂಡವೂ ಉದ್ದ ಹೆಚ್ಚು, ಹಾಗಾಗಿ ನಾಬ್ ಬೆರಳು ತೂರುವಷ್ಟು ಮುಂದೆ ನಿಂತಿದೆ. ಗರಗಸದಲ್ಲಿ ಕತ್ತರಿಸಬೇಕು ಅಂತ ಹದಿನಾಲ್ಕು ತಿಂಗಳಿಂದ ಅಂದುಕೊಳ್ಳುತ್ತಿದ್ದೇನೆ. ಈಗ ಅಮ್ಮ ಆ ಸಂದಿಯಲ್ಲಿ ಕನ್ನಡಕ ನೇತುಹಾಕುತ್ತಾರೆ.